ದಲ್ಲಾಳಿಯ ದರ ಬಿಡಿ, ಬೀದಿಯ ದರ ಕೇಳಿ: ಬೆಂಗಳೂರಿನಲ್ಲಿ ಮನೆ ಹಿಡಿಯುವ, ಕೊಳ್ಳುವ ಮುನ್ನ

ಬೆಂಗಳೂರಿನ ಯಾವುದೇ ಬಡಾವಣೆಯ ಹೆಸರು ಹೇಳಿ ‘ಅಲ್ಲಿ ಚದರಡಿಗೆ ಎಷ್ಟು ನಡೆಯುತ್ತಿದೆ?’ ಎಂದು ಕೇಳಿ ನೋಡಿ. ದಲ್ಲಾಳಿ ಒಂದು ದರ ಹೇಳುತ್ತಾರೆ, ಜಾಲತಾಣ ಇನ್ನೊಂದು ತೋರಿಸುತ್ತದೆ, ಅಲ್ಲೇ ಕೆಲವು ವರ್ಷಗಳ ಹಿಂದೆ ಫ್ಲಾಟ್ ಕೊಂಡ ಭಾವ ಮೂರನೆಯದನ್ನು ಹೇಳುತ್ತಾರೆ. ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ದಲ್ಲಾಳಿ ಹೇಳಿದ್ದು ಮಾರುವವರ ಆಸೆ. ಜಾಲತಾಣದಲ್ಲಿರುವುದು ಅಂಥ ಆಸೆಗಳ ಸರಾಸರಿ. ಭಾವ ತಾವು ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಾರೆ, ತಮ್ಮ ಮನೆಯ ಬೆಲೆ ಏರಿದೆ ಎಂಬ ಸಮಾಧಾನಕ್ಕೆ.

ಬೇರೆ ಊರಿನಿಂದ ಬಂದು ಮನೆ ಹುಡುಕುತ್ತಿರುವವರಿಗೂ, ಬಾಡಿಗೆ ಕಟ್ಟಿ ಸಾಕಾಗಿ ಕೊಳ್ಳುವ ಯೋಚನೆಯಲ್ಲಿರುವವರಿಗೂ ಈ ಬರಹ ಒಂದೇ ದಾರಿ ಹೇಳುತ್ತದೆ. ಮೊದಲು ಬಾಡಿಗೆ ತಿಳಿದುಕೊಳ್ಳಿ, ಆಮೇಲೆ ಅಲ್ಲಿ ಯಾರು ವಾಸವಿದ್ದಾರೆ ನೋಡಿ, ನಂತರ ಮಾರಾಟದ ಬೆಲೆ, ಕೊನೆಗೆ ನಿಮ್ಮ ಜೇಬು. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂದು ಕೇಳಿಕೊಂಡು, ಅಷ್ಟಕ್ಕೆ ಹೊಂದುವ ಫ್ಲಾಟ್ ಹುಡುಕಿ, ಸೇರಿಕೊಂಡ ಮೇಲೆ ನೀರಿಲ್ಲ ಎಂದು ಕಂಡುಕೊಳ್ಳುತ್ತಾರೆ. ಬಾಡಿಗೆಯಿಂದ ಶುರುಮಾಡಿ ಎನ್ನುವುದಕ್ಕೆ ಕಾರಣವಿದೆ. ಬಾಡಿಗೆದಾರ ಹಣ ಕೊಡುವುದು ಈ ತಿಂಗಳು ನಲ್ಲಿಯಲ್ಲಿ ಬರುವ ನೀರಿಗೆ, ಈಗ ಓಡುತ್ತಿರುವ ಬಸ್ಸಿಗೆ. ಕೊಳ್ಳುವವರು ಮುಂದೆಂದೋ ಬರಲಿರುವ ಮೆಟ್ರೊಗೂ ಇಂದೇ ಹಣ ಎಣಿಸಿರುತ್ತಾರೆ. ಹಾಗಾಗಿ ಒಂದು ಬೀದಿಯ ಬಾಡಿಗೆಯಲ್ಲಿ ಗಾಳಿಮಾತು ಬೆರೆಯುವುದು ಕಡಿಮೆ.

ಹುಡುಕುವ ಜಾಗವನ್ನು ಕಿರಿದು ಮಾಡಿ

‘ಸರ್ಜಾಪುರ ರಸ್ತೆಯಲ್ಲಿ ಮನೆ’ ಎಂಬ ಜಾಹೀರಾತಿಗೆ ಅರ್ಥವೇ ಇಲ್ಲ. ಆ ರಸ್ತೆ ಕೋರಮಂಗಲದ ಬಳಿ ಶುರುವಾಗಿ ಆನೇಕಲ್ ತಾಲ್ಲೂಕಿನ ಸರ್ಜಾಪುರದವರೆಗೆ ಹೋಗುತ್ತದೆ. ಎರಡು ತುದಿಗಳ ಮನೆಗಳಿಗೆ ಹೆಸರೊಂದು ಬಿಟ್ಟರೆ ಬೇರೇನೂ ಸಮಾನವಿಲ್ಲ. ಕನಕಪುರ ರಸ್ತೆಯದೂ ಮಾಗಡಿ ರಸ್ತೆಯದೂ ಇದೇ ಕಥೆ. ಆದ್ದರಿಂದ ಬಡಾವಣೆಯ ಹೆಸರು ಹಿಡಿದು ಹೊರಡಬೇಡಿ. ಒಂದು ಬಸ್ ನಿಲ್ದಾಣವನ್ನೋ ಮೆಟ್ರೊ ನಿಲ್ದಾಣವನ್ನೋ ನಡುವೆ ಇಟ್ಟುಕೊಂಡು, ಹತ್ತು ನಿಮಿಷ ನಡೆದು ಮುಟ್ಟಬಹುದಾದ ಬೀದಿಗಳನ್ನು ಗುರುತಿಸಿ. ಇಂಥ ಎರಡು ಜಾಗ ಸಾಕು. ಮೂರಾದರೆ ಹೋಲಿಸಿ ನೋಡುವುದಕ್ಕೇ ಪುರುಸೊತ್ತಿರುವುದಿಲ್ಲ.

ಜಾಗ ಆರಿಸುವಾಗ ಮನೆಯವರೆಲ್ಲರ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಜಯನಗರದ ಸುತ್ತಲೂ ಮನೆ ನೋಡಬಹುದಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳು ಉಚಿತ. ತಾಯಿ, ಮಗಳು ಇಬ್ಬರೂ ದುಡಿಯುವ ಮನೆಯಲ್ಲಿ, ಬಸ್ ಸಂಪರ್ಕ ಚೆನ್ನಾಗಿರುವ ದೂರದ ಬಡಾವಣೆ ಇದರಿಂದಲೇ ಕೈಗೆಟಕಬಹುದು. ಆದರೆ ಬಸ್ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದನ್ನು ರಾತ್ರಿ ಎಂಟರ ನಂತರ ನಿಲ್ದಾಣದಲ್ಲಿ ನಿಂತೇ ನೋಡಬೇಕು. ಬೆಳಗಿನ ವೇಳಾಪಟ್ಟಿ ನಂಬಿ ಮನೆ ಹಿಡಿಯಬೇಡಿ.

ಬಾಡಿಗೆಯ ಪಟ್ಟಿ ಬರೆದುಕೊಳ್ಳಿ

ಒಂದು ನೋಟ್‌ಬುಕ್ ಸಾಕು. ಬೀದಿಯಲ್ಲಿ ‘ಟು ಲೆಟ್’ ಬೋರ್ಡ್ ಕಂಡ ಪ್ರತಿ ಮನೆಗೂ ಒಂದು ಸಾಲು: ಎಷ್ಟು ಕೋಣೆ, ಯಾವ ಮಹಡಿ, ಬಾಡಿಗೆ, ಅಡ್ವಾನ್ಸ್, ನಿರ್ವಹಣೆ ಶುಲ್ಕ, ನೀರು ಎಲ್ಲಿಂದ, ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೇ, ಗಾಡಿ ನಿಲ್ಲಿಸಲು ಜಾಗ ಉಂಟೇ, ಬೋರ್ಡ್ ಎಷ್ಟು ದಿನದಿಂದ ನೇತಾಡುತ್ತಿದೆ. ಕೊನೆಯ ಪ್ರಶ್ನೆಯನ್ನು ಮಾಲೀಕರಿಗೆ ಕೇಳಬೇಡಿ. ಎದುರಿನ ಅಂಗಡಿಯವರನ್ನು, ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವರನ್ನು, ನಂದಿನಿ ಹಾಲಿನ ಮಳಿಗೆಯವರನ್ನು ಕೇಳಿ. ಹಿಂದಿದ್ದ ಬಾಡಿಗೆದಾರರು ಏಕೆ ಬಿಟ್ಟರು ಎಂಬುದೂ ಅವರಿಗೆ ಗೊತ್ತಿರುತ್ತದೆ. ಇಸ್ತ್ರಿಯವರಿಗಂತೂ ಯಾವ ಮನೆಯಲ್ಲಿ ಎಷ್ಟು ಮಂದಿ, ಎಂಥ ಕೆಲಸ ಎಂಬುದೆಲ್ಲ ಬಟ್ಟೆಯಿಂದಲೇ ತಿಳಿದಿರುತ್ತದೆ.

ಬರೆದುಕೊಂಡ ಬಾಡಿಗೆಗಳನ್ನು ಹಾಗೇ ಹೋಲಿಸಬಾರದು, ಎಲ್ಲವನ್ನೂ ತಿಂಗಳ ನಿಜ ಖರ್ಚಿಗೆ ಇಳಿಸಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಹಲವರು ಐದಾರು ತಿಂಗಳಿಗೆ, ಕೆಲವರು ಇನ್ನೂ ಕಡಿಮೆಗೆ ಒಪ್ಪುತ್ತಾರೆ. ಅಡ್ವಾನ್ಸ್ ಮರಳಿ ಬರುವ ಹಣ ಹೌದು, ಆದರೆ ಅಲ್ಲಿಯವರೆಗೆ ಅದರ ಬಡ್ಡಿ ಮಾಲೀಕರ ಪಾಲು.

ಎರಡು ಕಾಲ್ಪನಿಕ ಮನೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಮೊದಲನೆಯದಕ್ಕೆ ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,80,000, ನೀರಿನ ಟ್ಯಾಂಕರಿಗೆ ನಿಮ್ಮ ಪಾಲು ತಿಂಗಳಿಗೆ 1,500, ಬಿಡುವಾಗ ಬಣ್ಣ ಬಳಿಯಲು ಒಂದು ತಿಂಗಳ ಬಾಡಿಗೆ ಕಡಿತ. ಅಡ್ವಾನ್ಸಿಗೆ ಶೇ 7ರ ಬಡ್ಡಿ ಹಿಡಿದರೆ ತಿಂಗಳಿಗೆ 1,050. ಬಣ್ಣದ ಕಡಿತವನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 750. ಒಟ್ಟು 21,300. ಎರಡನೆಯದಕ್ಕೆ ಬಾಡಿಗೆ 20,500, ಅಡ್ವಾನ್ಸ್ 60,000, ಕಾವೇರಿ ನೀರಿಗೆ 300, ಬಣ್ಣಕ್ಕೆ ಕಡಿತ ಇಲ್ಲ. ಬಡ್ಡಿ 350 ಸೇರಿಸಿದರೆ 21,150. ಬೋರ್ಡಿನಲ್ಲಿ 2,500 ರೂಪಾಯಿ ದುಬಾರಿಯಾಗಿ ಕಂಡ ಮನೆ ನಿಜಕ್ಕೂ ಅಗ್ಗದ್ದು, ಜೊತೆಗೆ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಕೆಲಸವೂ ಇಲ್ಲ. ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ ಎಂಬುದನ್ನೂ ಇದೇ ಸಾಲಿನಲ್ಲಿ ಬರೆಯಿರಿ. ಶೇ 5ಕ್ಕೂ ಶೇ 10ಕ್ಕೂ ಮೊದಲ ವರ್ಷ ವ್ಯತ್ಯಾಸ ಕಾಣುವುದಿಲ್ಲ, ನಾಲ್ಕನೆಯ ವರ್ಷಕ್ಕೆ ಕಣ್ಣಿಗೆ ಹೊಡೆಯುತ್ತದೆ.

ಕಾನೂನಿನ ಆಸರೆ ಇಲ್ಲಿ ತೆಳು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತು 3,500ಕ್ಕೆ ಒಂದು ಕೋಣೆ ಸಿಕ್ಕರೆ ಪುಣ್ಯ. ವಾಸದ ಮನೆಗೆ ಎರಡೇ ತಿಂಗಳ ಠೇವಣಿ ಎನ್ನುವ 2021ರ ಮಾದರಿ ಬಾಡಿಗೆ ಕಾಯ್ದೆ ಕೇಂದ್ರ ಕೊಟ್ಟ ಮಾದರಿ ಅಷ್ಟೇ, ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಲಾಗು. ಹಾಗಾಗಿ ನಿಮ್ಮ ರಕ್ಷಣೆ ಕರಾರು ಪತ್ರದಲ್ಲಿದೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳು ಎಂದು ಬರೆಯುತ್ತಾರೆ. ತಿಂಗಳು ಹನ್ನೊಂದಿರಲಿ, ಆದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಯಾವ ಯಾವ ಕಡಿತ, ಬಿಡಲು ಎಷ್ಟು ದಿನದ ಸೂಚನೆ ಎಂಬ ಮೂರು ಸಾಲು ಇಲ್ಲದ ಪತ್ರಕ್ಕೆ ಸಹಿ ಹಾಕಬೇಡಿ.

ಭೋಗ್ಯಕ್ಕೆ ಹಿಡಿಯುವುದಾದರೆ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಕೈಯಲ್ಲಿ ಊರಿನ ಜಮೀನು ಮಾರಿದ ಹಣವೋ ನಿವೃತ್ತಿಯ ಹಣವೋ ಇರುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ. ಭೋಗ್ಯ, ಜನ ಹೇಳುವಂತೆ ‘ಲೀಸ್’, ಎಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಎರಡು, ಮೂರು ವರ್ಷ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. 12 ಲಕ್ಷ ಕೊಟ್ಟರೆ ಶೇ 7ರ ಲೆಕ್ಕದಲ್ಲಿ ಕಳೆದುಕೊಳ್ಳುವ ಬಡ್ಡಿ ತಿಂಗಳಿಗೆ 7,000. ಅದೇ ಮನೆಯ ಬಾಡಿಗೆ 16,000 ಇದ್ದರೆ ಭಾರಿ ಲಾಭದ ವ್ಯವಹಾರ ಅನ್ನಿಸುತ್ತದೆ.

ಆಗ ಕೇಳಬೇಕಾದ ಪ್ರಶ್ನೆ: ತಿಂಗಳಿಗೆ 9,000 ರೂಪಾಯಿಯನ್ನು ಮಾಲೀಕರು ಯಾಕೆ ಬಿಟ್ಟುಕೊಡುತ್ತಿದ್ದಾರೆ? ಮಗಳ ಮದುವೆಗೋ ಮೇಲಿನ ಮಹಡಿ ಕಟ್ಟಲಿಕ್ಕೋ ಹಣ ಬೇಕಿದ್ದರೆ ಸರಿ. ಆದರೆ ಮನೆಯ ಮೇಲೆ ಆಗಲೇ ಬ್ಯಾಂಕಿನ ಸಾಲವಿದ್ದು, ಕಂತು ಕಟ್ಟಲಾಗದೆ ನಿಮ್ಮ ಹಣಕ್ಕೆ ಕೈಚಾಚಿದ್ದರೆ? ಸಾಲ ಸುಸ್ತಿಯಾದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನೇ ವಶಕ್ಕೆ ಪಡೆಯಬಹುದು. ನಿಮ್ಮ 12 ಲಕ್ಷ ಆಗ ಮಾಲೀಕರ ಮೇಲಿನ ಬರಿಯ ಕೈಸಾಲವಾಗಿ ಉಳಿಯುತ್ತದೆ. ಆದ್ದರಿಂದ ಮಾಲೀಕರ ಹೆಸರಿನ ಕ್ರಯಪತ್ರ ಮತ್ತು ಈಚಿನ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಸಾಲ, ಮಾರಾಟಗಳ ನೋಂದಾಯಿತ ವಿವರ, ಜನ ಹೇಳುವ ‘ಇ.ಸಿ.’) ನೋಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಋಣಭಾರ ಪತ್ರದಲ್ಲಿ ಬ್ಯಾಂಕಿನ ಹೆಸರು ಕಂಡರೆ ಸಾಲದ ಬಾಕಿ ಎಷ್ಟು, ಕಂತುಗಳು ಸರಿಯಾಗಿ ಹೋಗುತ್ತಿವೆಯೇ ಎಂಬುದರ ದಾಖಲೆ ಕೇಳಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲಿ. ನೋಂದಣಿಗೆ ಒಪ್ಪದ ಮಾಲೀಕರ ಮನೆ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೇ ಕೈಬಿಡಿ. ನಡುವೆ ಮಧ್ಯವರ್ತಿ ಕಂಪನಿ ನಿಂತು, ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತೇನೆಂದು ನಿಮ್ಮಿಂದ ಭೋಗ್ಯದ ಹಣ ಪಡೆಯುವ ವ್ಯವಹಾರಕ್ಕೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಅಲ್ಲಿ ಯಾರಿದ್ದಾರೆ ನೋಡಿ

ಬಾಡಿಗೆ ಏಕೆ ಇಷ್ಟಿದೆ ಎಂಬುದಕ್ಕೆ ಉತ್ತರ ಅಲ್ಲಿ ವಾಸಿಸುವ ಜನರಲ್ಲಿದೆ. ಜನಗಣತಿಯ ಲೆಕ್ಕ ಇಲ್ಲಿ ಅರ್ಧ ಮಾತ್ರ ನೆರವಾಗುತ್ತದೆ. 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96,21,551 ಆಯಿತು, ಹತ್ತೇ ವರ್ಷದಲ್ಲಿ ಶೇ 47ರಷ್ಟು ಏರಿಕೆ. ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಈ ಜಿಲ್ಲೆಯಲ್ಲಿ 4,381. ಇದರ ನಂತರದ ಗಣತಿ 2021ರಲ್ಲಿ ನಡೆಯಲೇ ಇಲ್ಲ. ಮನೆಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಜನರ ಎಣಿಕೆಗೆ 2027ರ ಫೆಬ್ರುವರಿ ಎಂದು ಗೊತ್ತುಮಾಡಲಾಗಿದೆ. 2011ರ ಮನೆಪಟ್ಟಿಯಲ್ಲಿ ವಾರ್ಡ್‌ವಾರು ಸ್ವಂತ ಮನೆ ಎಷ್ಟು, ಬಾಡಿಗೆ ಎಷ್ಟು, ಕುಡಿಯುವ ನೀರು ಎಲ್ಲಿಂದ ಎಂಬ ಕೋಷ್ಟಕಗಳಿವೆ. ಹಳೆಯ ಬಡಾವಣೆಗಳಿಗೆ ಅವು ಈಗಲೂ ಒಂದು ಅಂದಾಜು ಕೊಡುತ್ತವೆ. ಅಂದು ರಾಗಿ ಬೆಳೆಯುತ್ತಿದ್ದ ಊರುಗಳಲ್ಲಿ ಇಂದು ಹದಿನೆಂಟು ಮಹಡಿ ಎದ್ದಿರುವಾಗ ಆ ಅಂಕಿಯಿಂದ ಏನೂ ತಿಳಿಯದು. ವಾರ್ಡಿನ ಗಡಿಗಳೂ ಬದಲಾಗಿವೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ.

ಹಾಗಾಗಿ ಕಾಲ್ನಡಿಗೆಯ ಗಣತಿಯೇ ಗತಿ. ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಭಾನುವಾರ ಸಂಜೆ ಒಮ್ಮೆ ಹೋಗಿ. ಬೆಳಿಗ್ಗೆ ಬೀದಿಯಲ್ಲಿ ಶಾಲಾ ವಾಹನಗಳು ನಿಂತಿವೆಯೋ ಕಂಪನಿಯ ಕ್ಯಾಬ್‌ಗಳೋ ಕಾರ್ಖಾನೆಯ ಬಸ್ಸುಗಳೋ? ಪಿಜಿಗಳ ಬೋರ್ಡುಗಳು ಎಷ್ಟು? ಸಂಜೆ ಉದ್ಯಾನದ ಬೆಂಚಿನಲ್ಲಿ ಕುಳಿತವರ ವಯಸ್ಸೇನು? ಹಗಲಿಡೀ ತೆರೆದಿರುವುದು ಜೆರಾಕ್ಸ್ ಅಂಗಡಿಯೋ ಔಷಧ ಅಂಗಡಿಯೋ?

ಇದರಿಂದ ಬಾಡಿಗೆಯ ಸ್ವಭಾವ ಗೊತ್ತಾಗುತ್ತದೆ. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಕಡೆಯ ಬೇಡಿಕೆ ನಿಂತಿರುವುದು ಒಂದೇ ಉದ್ಯಮದ ಮೇಲೆ. 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ಅಲ್ಲಿನ ಪಿಜಿಗಳು ಖಾಲಿಯಾದವು. ಕಚೇರಿಗಳು ಮತ್ತೆ ಕರೆದ 2022–23ರಲ್ಲಿ ಅದೇ ಬೀದಿಗಳ ಬಾಡಿಗೆ ಮಾಲೀಕರೇ ಬೆರಗಾಗುವಷ್ಟು ಏರಿತು. ಅಂಥ ಕಡೆ ಬಾಡಿಗೆ ಆದಾಯ ನಂಬಿ ಫ್ಲಾಟ್ ಕೊಳ್ಳುವವರು ಏರಿಕೆಯನ್ನು ಮಾತ್ರ ನೆನಪಿಟ್ಟುಕೊಂಡಿರುತ್ತಾರೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳ ಸುತ್ತ ಬೇರೆಯದೇ ಲೋಕ: ವಠಾರದಂಥ ಸಾಲು ಕೋಣೆಗಳು, ಕಡಿಮೆ ಅಡ್ವಾನ್ಸ್, ಒಂದೇ ಜಿಲ್ಲೆಯಿಂದ ಬಂದು ಅಕ್ಕಪಕ್ಕ ನೆಲೆಸಿದ ಕುಟುಂಬಗಳು. ಅಲ್ಲಿ ಚದರಡಿಯ ಲೆಕ್ಕದಲ್ಲಿ ನೋಡಿದರೆ ಬಡವರು ಕಟ್ಟುವ ಬಾಡಿಗೆ ಕೆಲವೊಮ್ಮೆ ದೊಡ್ಡ ಫ್ಲಾಟಿನವರದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹಿರಿಯರು ದೊಡ್ಡ ಮನೆಯಲ್ಲಿ ಇಬ್ಬರೇ ಇದ್ದಾರೆ, ಮಕ್ಕಳು ಹೊರದೇಶದಲ್ಲಿ. ಹಳೆಯ ಮನೆ ಬಿಲ್ಡರ್ ಕೈಗೆ ಹೋಗಿ ನಾಲ್ಕೈದು ಫ್ಲಾಟ್ ಆಗುತ್ತಿದೆ. ಅಂಥ ಬೀದಿಯಲ್ಲಿ ಬಾಡಿಗೆಗಿಂತ ನೆಲದ ಬೆಲೆಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಇನ್ನೊಂದು ವಿಚಾರ, ಹೇಳಲು ಮುಜುಗರವಾದರೂ ಹೇಳಲೇಬೇಕು. ಕುಟುಂಬಕ್ಕೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತು ಬೆಂಗಳೂರಿನಲ್ಲಿ ರಾಜಾರೋಷವಾಗಿ ನಡೆಯುತ್ತದೆ, ಜಾತಿ, ಧರ್ಮ ಕೇಳುವುದು ಸ್ವಲ್ಪ ಮೆತ್ತಗೆ. ಇದು ಅನ್ಯಾಯ ಮಾತ್ರವಲ್ಲ, ದರದ ಸಂಗತಿಯೂ ಹೌದು. ಹತ್ತು ಬಾಗಿಲಿನಲ್ಲಿ ಏಳು ಮುಚ್ಚಿದವರಿಗೆ ಉಳಿದ ಮೂರು ಬಾಗಿಲು ಕೇಳಿದ ಬಾಡಿಗೆ ಕೊಡದೆ ದಾರಿಯಿಲ್ಲ. ನಿಮ್ಮ ಪಟ್ಟಿಯಲ್ಲಿ ಷರತ್ತಿಗೂ ಒಂದು ಕಲಂ ಇರಲಿ. ಷರತ್ತಿಲ್ಲದ ಮನೆಯ ಬಾಡಿಗೆ ಹೆಚ್ಚು ಕಂಡರೆ ಕಾರಣ ಅರ್ಥವಾಗುತ್ತದೆ.

ಮಾರಾಟದ ಮೂರು ಬೆಲೆ

ಈಗ ಖರೀದಿ. ಯಾವ ಆಸ್ತಿಗೂ ಮೂರು ಬೆಲೆಗಳಿವೆ: ಮಾರುವವರು ಕೇಳುವುದು, ನೋಂದಣಿ ಪತ್ರದಲ್ಲಿ ಬರೆದದ್ದು, ಮುದ್ರಾಂಕ ಶುಲ್ಕದ ಲೆಕ್ಕಕ್ಕೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ. ಮೂರನೆಯದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ರಾಜ್ಯದಲ್ಲಿ ಈ ದರಗಳನ್ನು 2023ರ ಅಕ್ಟೋಬರ್ 1ರಿಂದ ದೊಡ್ಡ ಪ್ರಮಾಣದಲ್ಲಿ ಏರಿಸಲಾಯಿತು, ಆದರೂ ಬೇಡಿಕೆಯ ಬೀದಿಗಳಲ್ಲಿ ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲೆಯೇ ಇರುತ್ತದೆ. ಎರಡನೆಯದು ಹೆಚ್ಚು ಉಪಯುಕ್ತ. ಒಂದು ಆಸ್ತಿಯ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಹಿಂದೆ ಅದು ಎಷ್ಟಕ್ಕೆ ಕೈ ಬದಲಾಯಿತು ಎಂಬ ಮೊತ್ತವೂ ಅದರಲ್ಲಿ ಬರುತ್ತದೆ. 2004ರ ಏಪ್ರಿಲ್ ನಂತರದ ದಾಖಲೆಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಒಂದೇ ಅಪಾರ್ಟ್‌ಮೆಂಟಿನ ಎರಡು, ಮೂರು ಫ್ಲಾಟುಗಳ ಪತ್ರ ತೆಗೆಸಿ ಸಾಲಾಗಿ ಇಡಿ, ಮಾರುವವರ ಮಾತಿನಲ್ಲಿ ಎಷ್ಟು ಗಾಳಿ ಇದೆ ಎಂಬುದು ಹೊರಬೀಳುತ್ತದೆ.

ಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೇಳುವ ಚಾಳಿ ಹಳೆಯ ಮನೆ, ಸೈಟುಗಳಲ್ಲಿ ಇನ್ನೂ ಇದೆ. ಹೀಗಾಗಿ ನೋಂದಾಯಿತ ಮೊತ್ತವನ್ನು ಕನಿಷ್ಠ ಅಂದಾಜು ಎಂದೇ ಓದಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ಪಡೆದವರಿಗೆ ಆದಾಯ ತೆರಿಗೆ ಕಾನೂನು ಅಷ್ಟೇ ಮೊತ್ತದ ದಂಡ ಹಾಕಬಹುದು. ಕೊಟ್ಟವರಿಗೆ ಆ ಹಣದ ಗುರುತೇ ಉಳಿಯುವುದಿಲ್ಲ.

ಹೆಚ್ಚು ಜನ ಗಮನಿಸದ ನಾಲ್ಕನೆಯ ಮೂಲವೊಂದಿದೆ: ಪತ್ರಿಕೆಗಳಲ್ಲಿ ಬರುವ ಬ್ಯಾಂಕುಗಳ ಹರಾಜು ಪ್ರಕಟಣೆ. ಸುಸ್ತಿಯಾದ ಮನೆಯ ವಿಳಾಸ, ಅಳತೆ, ಮೀಸಲು ಬೆಲೆ ಎಲ್ಲ ಅಲ್ಲಿರುತ್ತವೆ. ಮಾರಾಟವಾಗಲೇಬೇಕು ಎಂದಾಗ ಆ ಬೀದಿಯ ಮನೆ ಎಷ್ಟಕ್ಕೆ ಇಳಿಯಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ, ರಾಷ್ಟ್ರೀಯ ವಸತಿ ಬ್ಯಾಂಕಿನ ರೆಸಿಡೆಕ್ಸ್ ಎರಡರಲ್ಲೂ ಬೆಂಗಳೂರು ಇದೆ. ಇಡೀ ನಗರ ಯಾವ ದಿಕ್ಕಿಗೆ ಹೊರಟಿದೆ ಎಂದು ತಿಳಿಯಲು ಅವು ಸಾಕು, ನಿಮ್ಮ ಬೀದಿಯ ಬೆಲೆಗೆ ಅಲ್ಲ.

ಅಳತೆಯ ವಿಚಾರದಲ್ಲಿ ಹುಷಾರು. ಮೇಸ್ತ್ರಿ ‘ಹನ್ನೆರಡು ಚದರದ ಮನೆ’ ಎಂದರೆ 1,200 ಚದರಡಿ. ಬಿಲ್ಡರ್ ‘1,200 ಚದರಡಿ’ ಎಂದರೆ ಮೆಟ್ಟಿಲು, ಲಿಫ್ಟ್, ಕ್ಲಬ್‌ಹೌಸ್‌ನ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್. ಚಾಪೆ ಹಾಸಬಹುದಾದ ಕಾರ್ಪೆಟ್ ಜಾಗ 800 ಇರಬಹುದು. 1,200ಕ್ಕೆ 9,000ದಂತೆ 1.08 ಕೋಟಿ ಕೊಟ್ಟರೆ ನಿಜ ದರ ಚದರಡಿಗೆ 13,500. ರಿಯಲ್ ಎಸ್ಟೇಟ್ ನಿಯಂತ್ರಣಕ್ಕಿರುವ ರೇರಾ ಕಾಯ್ದೆಯ ಪ್ರಕಾರ ಬಿಲ್ಡರ್ ಕಾರ್ಪೆಟ್ ವಿಸ್ತೀರ್ಣ ಹೇಳಲೇಬೇಕು. 500 ಚದರ ಮೀಟರ್ ನೆಲ ಅಥವಾ ಎಂಟು ಮನೆ ಮೀರದ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ, ನೋಂದಣಿಯಾದವುಗಳ ವಿವರ ಕರ್ನಾಟಕ ರೇರಾ ಜಾಲತಾಣದಲ್ಲಿರುತ್ತದೆ. ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಎಂಬುದನ್ನೂ ಕೇಳಿ. ಮೂವತ್ತು ವರ್ಷದ ಮೇಲೆ ಕಟ್ಟಡ ಹಳತಾದಾಗ ಬೆಲೆ ಉಳಿಯುವುದು ಆ ಪಾಲಿಗೇ.

ಪೂರ್ವಕ್ಕೆ ಬಾಗಿಲಿರುವ ಸೈಟಿಗೆ, ಮೂಲೆ ಸೈಟಿಗೆ ಬೆಲೆ ಹೆಚ್ಚು, ದಕ್ಷಿಣಾಭಿಮುಖಕ್ಕೆ ಕಡಿಮೆ. ವಾಸ್ತು ನಂಬದವರಿಗೆ ದಕ್ಷಿಣದ ಬಾಗಿಲು ಬಿಟ್ಟಿ ಸಿಗುವ ರಿಯಾಯಿತಿ. ಆದರೆ ಮುಂದೊಮ್ಮೆ ಮಾರುವಾಗ ಅದೇ ರಿಯಾಯಿತಿಯನ್ನು ನೀವೂ ಕೊಡಬೇಕಾಗುತ್ತದೆ.

ನೀರು, ಖಾತಾ

ಬೆಲೆ ಕಡಿಮೆ ಇದೆ ಎಂದರೆ ಕಾರಣ ಬಹುಮಟ್ಟಿಗೆ ಇವೆರಡರಲ್ಲಿ ಒಂದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದೇ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ಬೀದಿಯಲ್ಲಿ ಕೊಳವೆ ಬಂದಿದೆ ಎಂದರೆ ಮನೆಗೆ ಸಂಪರ್ಕ ಬಂದಿದೆ ಎಂದಲ್ಲ. ಮಾಲೀಕರ ಬಳಿ ಜಲಮಂಡಳಿಯ ಬಿಲ್ ಕೇಳಿ. ನೀರಿಗೆ ಬರ ಬಿದ್ದ 2024ರ ಬೇಸಿಗೆ ಹೇಗೆ ಕಳೆಯಿತು ಎಂದು ನೆರೆಯವರಲ್ಲಿ ವಿಚಾರಿಸಿ. ಅಷ್ಟು ಕಷ್ಟದ ವರ್ಷವನ್ನು ಕೊಳವೆಬಾವಿಯ ಮೇಲೆ ದಾಟಿದ ಬೀದಿಯಾದರೆ ನೆಮ್ಮದಿ.

ಖಾತಾ ವಿಷಯ ಬೇರೆಯೇ ಲೇಖನ ಬೇಡುತ್ತದೆ. ಇಲ್ಲಿ ಇಷ್ಟು ಸಾಕು: ಬೆಂಗಳೂರಿನಲ್ಲಿ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿ ಆಗದು. ಸರಿಯಾದ ಅನುಮೋದನೆ ಇಲ್ಲದ ಬಿ-ಖಾತಾ ಆಸ್ತಿಗೆ ಸಾಲ ಕೊಡಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ, ಅಗ್ಗದ ಬೆಲೆಗೆ ಅದೇ ಕಾರಣ. ಸೈಟು ಕೊಳ್ಳುವವರು ಸರ್ಕಾರದ ಭೂನಕ್ಷೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆರೆದು ಕೆರೆಯೋ ರಾಜಕಾಲುವೆಯೋ ಹಾದುಹೋಗಿದೆಯೇ ಎಂದು ನೋಡದೆ ವಕೀಲರ ಶುಲ್ಕವನ್ನೂ ಖರ್ಚು ಮಾಡಬೇಡಿ.

ಕೊನೆಗೆ ಜೇಬು

80 ಲಕ್ಷದ, ಸಿದ್ಧವಾಗಿರುವ ಫ್ಲಾಟ್ ಒಂದನ್ನು ತೆಗೆದುಕೊಳ್ಳಿ. ಅದರಂಥದ್ದೇ ಪಕ್ಕದ ಫ್ಲಾಟಿನ ಬಾಡಿಗೆ 25,000 ಎಂದು ನಿಮ್ಮ ಪಟ್ಟಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷ, ಅಂದರೆ ಬೆಲೆಯ ಶೇ 3.75. ಬೆಂಗಳೂರಿನ ಫ್ಲಾಟುಗಳಲ್ಲಿ ಈ ಪ್ರಮಾಣ ಸಾಮಾನ್ಯವಾಗಿ 3ರಿಂದ 4ರ ಆಸುಪಾಸು ಇರುತ್ತದೆ. ಮೂರಕ್ಕಿಂತ ಕೆಳಗಿಳಿದರೆ ಬೆಲೆಯಲ್ಲಿ ನಿರೀಕ್ಷೆಯ ಪಾಲು ದೊಡ್ಡದು ಎಂದರ್ಥ, ಆ ನಿರೀಕ್ಷೆ ಯಾವುದರ ಮೇಲೆ ನಿಂತಿದೆ ಎಂದು ಮಾರುವವರನ್ನೇ ಕೇಳಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ 80 ಮೀರುವಂತಿಲ್ಲ. ಹಾಗಾಗಿ ಸಾಲ 64 ಲಕ್ಷ, ಕೈಯಿಂದ 16 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6 ಎಂದರೆ 6.08 ಲಕ್ಷ. ಇದನ್ನು ಬ್ಯಾಂಕು ಸಾಲದಲ್ಲಿ ಸೇರಿಸುವುದಿಲ್ಲ. ಬಾಗಿಲು ತೆರೆಯುವ ಮುಂಚೆಯೇ 22 ಲಕ್ಷ ಬೇಕು, ಅಡುಗೆಮನೆಯ ಕಪಾಟು, ಗೃಹಪ್ರವೇಶದ ಊಟ ಬೇರೆ. ಇನ್ನೂ ಕಟ್ಟುತ್ತಿರುವ ಫ್ಲಾಟ್ ಆದರೆ ಶೇ 5ರ ಜಿಎಸ್‌ಟಿ, ಮತ್ತೆ 4 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಹೊಸ ತೆರಿಗೆಯಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಕಳೆಯುವುದು.

64 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 55,500. ಕೈಗೆ ಬರುವ ಸಂಬಳದ ಶೇ 40ರೊಳಗೆ ಕಂತು ಇರಬೇಕೆಂದರೆ ಮನೆಯ ಒಟ್ಟು ಆದಾಯ 1.39 ಲಕ್ಷ ಇರಬೇಕು. ಬ್ಯಾಂಕು ಇದಕ್ಕಿಂತ ಕಡಿಮೆ ಸಂಬಳಕ್ಕೂ ಒಪ್ಪಬಹುದು. ಮಕ್ಕಳ ಶಾಲಾ ಶುಲ್ಕ, ಊರಿನಲ್ಲಿರುವ ತಂದೆತಾಯಿಯ ಔಷಧ ಅದರ ಲೆಕ್ಕದಲ್ಲಿ ಬರುವುದಿಲ್ಲ.

‘ಬಾಡಿಗೆ ಕಟ್ಟುವುದು ದಂಡ, ಅದೇ ಹಣ ಕಂತಿಗೆ ಹೋದರೆ ಮನೆಯಾದರೂ ನಮ್ಮದಾಗುತ್ತದೆ’ ಎಂದು ಹಿರಿಯರು ಹೇಳುವುದುಂಟು. ಮೊದಲ ತಿಂಗಳ 55,500ರಲ್ಲಿ 45,300 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಹತ್ತು ಸಾವಿರ ಚಿಲ್ಲರೆ. 25,000 ಬಾಡಿಗೆ ಕಟ್ಟಿ ಉಳಿದ 30,000ವನ್ನು ಶಿಸ್ತಾಗಿ ಕೂಡಿಡುವವರು ಮೊದಲ ಕೆಲವು ವರ್ಷ ಹಿಂದೆ ಬೀಳುವುದಿಲ್ಲ. ಕೂಡಿಡುವುದಿಲ್ಲ ಎಂದು ತಮ್ಮನ್ನು ತಾವು ಬಲ್ಲವರಿಗೆ ಕಂತೇ ವಾಸಿ. ಹತ್ತು ವರ್ಷ ಅದೇ ಮನೆಯಲ್ಲಿ ಇರುವುದು ಖಚಿತವಿದ್ದವರಿಗೂ ಕೊಳ್ಳುವುದು ಸರಿ. ಮೂರು, ನಾಲ್ಕು ವರ್ಷಕ್ಕೆ ಕೆಲಸ ಬದಲಿಸುವವರು ಆರು ಲಕ್ಷದ ನೋಂದಣಿ ಖರ್ಚನ್ನು ಎಲ್ಲಿಂದ ಹಿಂಪಡೆಯುತ್ತಾರೆ?

ಆದಾಯ ಕಡಿಮೆ ಇರುವವರ ಲೆಕ್ಕ ಇನ್ನೂ ಬಿಗಿ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ 2.0ರಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿರುವವರಿಗೆ 1.80 ಲಕ್ಷದವರೆಗೆ ಬಡ್ಡಿ ಸಹಾಯಧನವಿದೆ, ಆದರೆ ಮನೆಯ ಬೆಲೆ 35 ಲಕ್ಷ ಮೀರಬಾರದು. ಬೆಂಗಳೂರಿನಲ್ಲಿ ಆ ಬೆಲೆಗೆ ಕಾಗದಪತ್ರ ಸರಿಯಿರುವ ಮನೆ ಹುಡುಕುವುದೇ ದೊಡ್ಡ ಕೆಲಸ. ಮೈಸೂರು, ಹುಬ್ಬಳ್ಳಿ, ದಾವಣಗೆರೆಯಲ್ಲಿ ಕೊಳ್ಳುವವರಿಗೆ ಈ ಯೋಜನೆ ಹೆಚ್ಚು ದಕ್ಕುತ್ತದೆ. ಮೇಲೆ ಹೇಳಿದ ಕ್ರಮ ಅಲ್ಲಿಗೂ ಹೊಂದುತ್ತದೆ, ಕಾವೇರಿ ಜಾಲತಾಣ ಇಡೀ ರಾಜ್ಯದ್ದು.

ಚೌಕಾಸಿಗೆ ಹೊತ್ತು

ಶಾಲೆ ಶುರುವಾಗುವ ಮುನ್ನ, ಏಪ್ರಿಲ್, ಮೇ ತಿಂಗಳಲ್ಲಿ ಮನೆ ಹುಡುಕುವವರ ದಂಡು ದೊಡ್ಡದು. ಆಗ ಮಾಲೀಕರು ಇಳಿಯುವುದಿಲ್ಲ. ಆಷಾಢ ಬಂತೆಂದರೆ ಹಾಲುಕ್ಕಿಸುವವರಿಲ್ಲ, ಖಾಲಿ ಮನೆ ಖಾಲಿಯೇ ಇರುತ್ತದೆ. ಧನುರ್ಮಾಸದಲ್ಲೂ ಹಾಗೇ. ಆಷಾಢದಲ್ಲಿ ಮಾತಾಡಿ ಮುಂಗಡ ಕೊಟ್ಟು, ಶ್ರಾವಣದಲ್ಲಿ ಬರುತ್ತೇವೆ ಎಂದರೆ ಬಾಡಿಗೆಯಲ್ಲೋ ಅಡ್ವಾನ್ಸಿನಲ್ಲೋ ಸ್ವಲ್ಪ ಇಳಿಸಿಕೊಳ್ಳಬಹುದು. ಅಭ್ಯಂತರವಿಲ್ಲದವರು ಆಷಾಢದಲ್ಲೇ ಸೇರಿಕೊಂಡರೆ ಇನ್ನೂ ಹೆಚ್ಚು. ಮಾತಿನ ನಡುವೆ ನೋಟ್‌ಬುಕ್ ತೆರೆದು ‘ಇದೇ ಬೀದಿಯಲ್ಲಿ ಮೂರು ಮನೆ ಇಷ್ಟಕ್ಕಿವೆ ಸರ್, ನಿಮ್ಮದು ಒಂದೂವರೆ ತಿಂಗಳಿಂದ ಖಾಲಿ ಇದೆ’ ಎನ್ನಿ. ದನಿ ಏರಿಸುವ ಅಗತ್ಯವಿಲ್ಲ. ಬಾಡಿಗೆ ಇಳಿಸಲು ಒಪ್ಪದ ಮಾಲೀಕರು ಬಣ್ಣದ ಕಡಿತ ಬಿಡಲು, ಸೊಳ್ಳೆ ಪರದೆಯ ಕಿಟಕಿ ಹಾಕಿಸಲು ಒಪ್ಪುತ್ತಾರೆ.

ಸೇರಿಕೊಳ್ಳುವ ದಿನ ಕರೆಂಟ್ ಮೀಟರಿನ ಓದಿಕೆ, ಗೋಡೆಯ ತೇವ, ನಲ್ಲಿಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಡಿ. ಮೀಟರಿನ ಆರ್.ಆರ್. ಸಂಖ್ಯೆ ಬರೆದುಕೊಂಡು, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಹಿಂದಿನ ಬಾಡಿಗೆದಾರರು ಜೋಡಿಸಿದ್ದ ಆಧಾರ್ ತೆಗೆಸಿ, ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ನಿಮ್ಮದನ್ನು ನೋಂದಾಯಿಸಿಕೊಳ್ಳಿ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಆ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್ ಬೇಗ ದಾಟುತ್ತದೆ, ಬಿಲ್ ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ.